ಮೆಂಟರ್‌ಗೂ ಬೇಕು ಸಾಲಾವಳಿ!

ಫಾರ್ಮಸಿ ಓದಿದ ಹೆಣ್ಣುಮಕ್ಕಳು ಕೌಂಟರ್ ದಾಟಿ ಮುಂದೆ ಬರಬೇಕೆಂದರೆ ಸರ್ಟಿಫಿಕೇಟ್ ಒಂದೇ ಸಾಲದು. ದಾರಿ ತೋರುವವರೊಬ್ಬರು ಬೇಕು. ಆದರೆ ಯಾರೋ ಒಬ್ಬರು ಸಿಕ್ಕರೆ ಆಗಲಿಲ್ಲ, ಜೋಡಿ ಹೊಂದಬೇಕು!

ಮಗಳು ಬಿ.ಫಾರ್ಮ ಮುಗಿಸಿದ್ದಾಳೆ. ಇಲ್ಲವೇ ಮದುವೆಗೆ ಮುಂಚೆ ನೀವೇ ಡಿ.ಫಾರ್ಮ ಮಾಡಿದ್ದೀರಿ, ಆ ಸರ್ಟಿಫಿಕೇಟ್ ಈಗ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಬೆಚ್ಚಗೆ ಮಲಗಿದೆ. ‘ಮುಂದೇನು?’ ಅಂತ ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೊಳೆಯೋದಿಲ್ಲ. ನೆಂಟರಿಷ್ಟರಂತೂ ‘ಓ, ಫಾರ್ಮಸಿನಾ? ಹಾಗಾದ್ರೆ ಒಂದು ಮೆಡಿಕಲ್ ಶಾಪ್ ಹಾಕ್ಕೊಡಿ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಮೆಡಿಕಲ್ ಶಾಪ್ ಇಡೋದು ಕಡಿಮೆ ಕೆಲಸವೇನಲ್ಲ ಬಿಡಿ. ಆದರೆ ಅದೊಂದೇ ದಾರಿಯಲ್ಲ. ಆಸ್ಪತ್ರೆಯ ಫಾರ್ಮಸಿ ಇದೆ. ವಾರ್ಡಿನಲ್ಲಿ ಡಾಕ್ಟರ ಜೊತೆ ಸುತ್ತಿ ರೋಗಿಯ ಔಷಧಿಗಳನ್ನು ಪರಿಶೀಲಿಸುವ ಕ್ಲಿನಿಕಲ್ ಫಾರ್ಮಸಿಸ್ಟ್ ಕೆಲಸ ಇದೆ. ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗ, ಔಷಧಿಗಳ ಅಡ್ಡಪರಿಣಾಮಗಳ ವರದಿ ನೋಡುವ ಫಾರ್ಮಕೋವಿಜಿಲೆನ್ಸ್, ಪರವಾನಗಿಯ ಕಾಗದಪತ್ರ ನೋಡುವ ರೆಗ್ಯುಲೇಟರಿ ವಿಭಾಗ, ಸರ್ಕಾರದ ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆ, ಕಾಲೇಜಿನಲ್ಲಿ ಪಾಠ, ಜನೌಷಧಿ ಕೇಂದ್ರ... ಪಟ್ಟಿ ಉದ್ದವಿದೆ. ಇಷ್ಟು ದಾರಿಗಳಿರುವ ಕಡೆ ನಿಂತ ಹುಡುಗಿಗೆ ಕಣ್ಣು ಕತ್ತಲೆ ಬರೋದು ಸಹಜ ತಾನೇ?

ಇನ್ನೊಂದು ಗಮನಿಸಿದ್ದೀರಾ? ಫಾರ್ಮಸಿ ಕಾಲೇಜಿನ ತರಗತಿಗೆ ಇಣುಕಿದರೆ ಹುಡುಗಿಯರ ದಂಡೇ ಕಾಣುತ್ತೆ. ಆದರೆ ಚೀಫ್ ಫಾರ್ಮಸಿಸ್ಟ್, ಕಾರ್ಖಾನೆಯ ಮುಖ್ಯಸ್ಥೆ, ವಿಭಾಗದ ಡೈರೆಕ್ಟರ್ ಅಂತ ಬೋರ್ಡ್ ಇರುವ ಕೋಣೆಗಳಲ್ಲಿ ಆ ದಂಡು ಕಾಣೋದಿಲ್ಲ. ಮಧ್ಯದಲ್ಲಿ ಎಲ್ಲಿ ಹೋದರು ಇವರೆಲ್ಲ? ಮದುವೆ, ಮಗು, ವರ್ಗಾವಣೆ, ನೈಟ್ ಶಿಫ್ಟ್ ಅಂತ ಕಾರಣಗಳು ಹತ್ತಾರು. ಆ ಹೊತ್ತಿನಲ್ಲಿ ‘ಇದನ್ನು ನಾನೂ ದಾಟಿ ಬಂದೆ, ಹೀಗೆ ಮಾಡು’ ಅಂತ ಹೇಳುವವರು ಹತ್ತಿರ ಇರಲಿಲ್ಲ ಅನ್ನೋದೂ ಒಂದು ದೊಡ್ಡ ಕಾರಣ. ಹಾಗೆ ಹೇಳುವವರಿಗೇ ಮೆಂಟರ್ ಅನ್ನೋದು. ನಮ್ಮ ಮಾತಿನಲ್ಲಿ ಮಾರ್ಗದರ್ಶಿ, ಇನ್ನೂ ಸಲೀಸಾಗಿ ಹೇಳಬೇಕೆಂದರೆ ದಾರಿ ಗೊತ್ತಿರುವ ಅಕ್ಕ.

ನಾಯಕತ್ವ ಅಂದರೆ ದರ್ಪ ಅಲ್ಲ

‘ಲೀಡರ್‌ಶಿಪ್ಪು ಗೀಡರ್‌ಶಿಪ್ಪು ನಮ್ಮ ಮಗಳಿಗೆ ಯಾಕೆ, ಒಂದು ಕೆಲಸ ಸಿಕ್ಕರೆ ಸಾಕು’ ಅನ್ನಬೇಡಿ. ಫಾರ್ಮಸಿಯಲ್ಲಿ ನಾಯಕತ್ವ ಬೇಕಾಗೋದು ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ.

ಒಂದು ಉದಾಹರಣೆ ನೋಡಿ. ಮೆಥೊಟ್ರೆಕ್ಸೇಟ್ ಅಂತ ಒಂದು ಮಾತ್ರೆಯಿದೆ. ರುಮಟಾಯ್ಡ್ ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನಾ ನುಂಗಿದರೆ ಬಾಯಿಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಈಗ ಕೌಂಟರ್‌ನಲ್ಲಿ ನಿಂತ ಇಪ್ಪತ್ತೆರಡರ ಹುಡುಗಿಯ ಕೈಗೆ ಒಂದು ಚೀಟಿ ಬರುತ್ತೆ. ಅದರಲ್ಲಿ ‘ದಿನಕ್ಕೆ ಒಂದು’ ಅಂತ ಇದೆ. ಬರೆದವರು ಊರಿಗೆಲ್ಲ ಹೆಸರಾದ ಡಾಕ್ಟರು. ಎದುರಿಗೆ ನಿಂತ ಮಗನಿಗೆ ಆಟೋ ಕಾಯ್ತಾ ಇದೆ, ‘ಬೇಗ ಕೊಡಮ್ಮಾ’ ಅಂತಾನೆ. ಹಿಂದೆ ಐದು ಜನ ಸಾಲಿನಲ್ಲಿದ್ದಾರೆ. ಅವಳೇನು ಮಾಡಬೇಕು?

ವಾರಕ್ಕೊಂದು ಅನ್ನೋದು ಪುಸ್ತಕದಲ್ಲಿದೆ, ಅವಳಿಗೆ ಗೊತ್ತು. ಆದರೆ ಅಂಥ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಏನಂತ ಹೇಳೋದು? ‘ಸರ್, ನೀವು ತಪ್ಪು ಬರೆದಿದ್ದೀರಿ’ ಅನ್ನೋಕಾಗುತ್ತಾ? ‘ಸರ್, ಈ ಪೇಷಂಟ್‌ಗೆ ಮೆಥೊಟ್ರೆಕ್ಸೇಟ್ ದಿನಾ ಅಂತ ಇದೆ, ವಾರಕ್ಕೊಮ್ಮೆ ಅಂತ ಇರಬೇಕಿತ್ತಾ? ಖಚಿತ ಮಾಡಿಕೊಂಡು ಕೊಡೋಣ ಅಂತ ಕೇಳ್ತಿದ್ದೀನಿ’ ಅನ್ನಬಹುದು. ಈ ಒಂದು ವಾಕ್ಯ ಪರೀಕ್ಷೆಗೆ ಬರೋದಿಲ್ಲ. ಹತ್ತು ಸಲ ಅಂಥ ಫೋನ್ ಮಾಡಿ ಎರಡು ಸಲ ಬೈಸಿಕೊಂಡವರಿಂದ ಕಲಿಯಬೇಕು. ಡಾಕ್ಟರು ಫೋನ್ ಎತ್ತದಿದ್ದರೆ ಮಾತ್ರೆ ಕೊಡದೆ ಕಾಯಿಸುವ ಗಟ್ಟಿತನವನ್ನೂ ಅವರಿಂದಲೇ ಕಲಿಯಬೇಕು. ಇದೇ ನಾಯಕತ್ವ!

ಆಂಟಿಬಯಾಟಿಕ್ ವಿಚಾರವೂ ಹಾಗೇ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅಂತ ಒಂದು ನಿಯಮ ಜಾರಿಯಲ್ಲಿದೆ. ಆ ಪಟ್ಟಿಯ ಔಷಧಿ ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟಿರಿ ಅನ್ನೋದನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಚೀಟಿಯಿಲ್ಲದೆ ಬಂದ ಪರಿಚಯದವರಿಗೆ ಮುಖ ಮುರಿಯದಂತೆ ‘ಇಲ್ಲ’ ಅನ್ನೋದು ಹೇಗೆ ಅಂತ ನಿಯಮದ ಪುಸ್ತಕ ಹೇಳಿಕೊಡುತ್ತಾ?

ಹಿಂದೆಯೂ ಹೀಗೇ ಕಲಿತದ್ದು

ನಮ್ಮ ಮೈಸೂರಿನ ಮಾತೇ ತೆಗೆದುಕೊಳ್ಳಿ. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳಲ್ಲಿ ಫಾರ್ಮಸಿ ಪ್ರಾಕ್ಟೀಸ್ ಅನ್ನೋ ಸ್ನಾತಕೋತ್ತರ ಕೋರ್ಸ್ ಶುರುವಾಯಿತು. ಫಾರ್ಮಸಿಸ್ಟ್ ವಾರ್ಡಿಗೆ ಹೋಗಿ ರೋಗಿಯ ಹಾಸಿಗೆ ಪಕ್ಕ ನಿಲ್ಲೋದು ಆಗ ನಮ್ಮಲ್ಲಿ ತೀರಾ ಹೊಸದು. ಅದಕ್ಕೆ ಆಸ್ಟ್ರೇಲಿಯದ ಅನುಭವಿ ಆಸ್ಪತ್ರೆ ಫಾರ್ಮಸಿಸ್ಟರ ನೆರವು ಸಿಕ್ಕಿತು. ವಾರ್ಡಿನ ಕೆಲಸ ವಾರ್ಡಿನಲ್ಲಿ ಪಳಗಿದವರ ಜೊತೆ ನಡೆದೇ ಬರಬೇಕು. 2008ರಲ್ಲಿ ದೇಶದಲ್ಲಿ ಆರು ವರ್ಷದ ಫಾರ್ಮ.ಡಿ ಕೋರ್ಸ್ ಆರಂಭವಾದಾಗ ಕೊನೆಯ ಒಂದು ವರ್ಷವನ್ನು ಇಂಟರ್ನ್‌ಶಿಪ್‌ಗೇ ಇಟ್ಟಿದ್ದೂ ಇದಕ್ಕೇ.

ದೂರದ ಅಮೆರಿಕದ ಕಥೆಯೂ ಕೇಳಿ. ಅಲ್ಲಿನ ಫಾರ್ಮಸಿ ಲೋಕದಲ್ಲಿ ರೆಮಿಂಗ್ಟನ್ ಪದಕ ಅಂದರೆ ಬಹಳ ದೊಡ್ಡ ಗೌರವ. 1919ರಿಂದ ಕೊಡುತ್ತಾ ಬಂದಿದ್ದಾರೆ. ಅದು ಮೊದಲ ಬಾರಿ ಒಬ್ಬ ಮಹಿಳೆಗೆ ಸಿಕ್ಕಿದ್ದು ಯಾವಾಗ ಗೊತ್ತಾ? 1987ರಲ್ಲಿ! ಹತ್ತಿರ ಹತ್ತಿರ ಎಪ್ಪತ್ತು ವರ್ಷ ಬೇಕಾಯಿತು. ಆಕೆಯ ಹೆಸರು ಗ್ಲೋರಿಯಾ ನೀಮೆಯರ್ ಫ್ರಾಂಕ್. ಇಂದು ಅಮೆರಿಕದ ಫಾರ್ಮಸಿಸ್ಟರ ಸಂಘ ಆಕೆಯ ಹೆಸರಿನಲ್ಲಿ ಒಂದು ಪ್ರಶಸ್ತಿ ಕೊಡುತ್ತದೆ. ಅದು ಔಷಧಿ ಕಂಡುಹಿಡಿದವರಿಗಲ್ಲ, ಬೇರೆಯವರನ್ನು ನಾಯಕತ್ವಕ್ಕೆ ಬೆಳೆಸಿದ ಮೆಂಟರ್‌ಗೆ.

ನಮ್ಮ ದೇಶದಲ್ಲಿ ಲೂಪಿನ್ ಔಷಧ ಕಂಪನಿಯ ವಿನೀತಾ ಗುಪ್ತಾ ಓದಿದ್ದೂ ಫಾರ್ಮಸಿಯನ್ನೇ. 2013ರಿಂದ ಆಕೆ ಕಂಪನಿಯ ಸಿಇಒ. ಆಕೆಯ ತಂದೆಯೇ ಆ ಕಂಪನಿ ಕಟ್ಟಿದವರು. ಅಂದರೆ ಕೇಳಿ ತಿಳಿಯೋಕೆ ಮನೆಯಲ್ಲೇ ಜನ ಇದ್ದರು. ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಆ ಅನುಕೂಲ ಇಲ್ಲ. ಅವರು ಹೊರಗಡೆ ಹುಡುಕಿಕೊಳ್ಳಬೇಕು. ಹುಡುಕುವಾಗಲೇ ಎಡವಟ್ಟಾಗೋದು!

ಸಾಲಾವಳಿ ನೋಡಿ

ಮದುವೆಗೆ ಹುಡುಗ ಹುಡುಗಿ ಇಬ್ಬರೂ ಒಳ್ಳೆಯವರೇ ಆದರೂ ಸಾಲಾವಳಿ ಕೂಡಿಬರಲಿಲ್ಲ ಅಂತ ಬಿಡ್ತೀವಲ್ಲ? ಮೆಂಟರ್ ವಿಚಾರದಲ್ಲಿ ಅದೇ ಎಚ್ಚರ ಬೇಕು. ನಕ್ಷತ್ರ, ರಾಶಿ ಬೇಡ. ಇಷ್ಟು ನೋಡಿದರೆ ಸಾಕು.

ದಾರಿ ಒಂದೇನಾ?: ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡೋ ಆಸೆ ಇರುವವಳಿಗೆ ಮಾತ್ರೆ ತಯಾರಿಸುವ ಕಾರ್ಖಾನೆಯ ಮ್ಯಾನೇಜರ್ ಎಷ್ಟು ದೊಡ್ಡವರಾದರೂ ಪ್ರಯೋಜನ ಕಡಿಮೆ. ಮೊದಲು ‘ಐದು ವರ್ಷದ ನಂತರ ನಾನು ಎಲ್ಲಿ ನಿಂತಿರಬೇಕು?’ ಅಂತ ಹುಡುಗಿ ಒಂದು ಸಾಲಿನಲ್ಲಿ ಬರೆಯಲಿ. ಆ ಜಾಗದಲ್ಲಿ ಈಗ ಯಾರಿದ್ದಾರೆ ಅಂತ ಆಮೇಲೆ ನೋಡಲಿ.

ಅಂತರ ಎಷ್ಟು?: ಮೂವತ್ತು ವರ್ಷ ಸರ್ವೀಸ್ ಆದವರನ್ನೇ ಹಿಡಿಯಬೇಕು ಅನ್ನೋದು ನಮ್ಮ ಆಸೆ. ಆದರೆ ಅವರಿಗೆ ಮೊದಲ ನೈಟ್ ಶಿಫ್ಟಿನ ಹೆದರಿಕೆ ಮರೆತೇ ಹೋಗಿರುತ್ತೆ. ಐದರಿಂದ ಎಂಟು ವರ್ಷ ಮುಂದೆ ಇರುವವರು ಸರಿಯಾದ ಜೋಡಿ. ಕಲ್ಲುಮುಳ್ಳು ಎಲ್ಲಿದೆ ಅಂತ ಅವರ ಕಾಲಿಗೆ ಇನ್ನೂ ನೆನಪಿರುತ್ತೆ. ಹಿರಿಯರೊಬ್ಬರು ವರ್ಷಕ್ಕೆರಡು ಸಲ ಮಾತಿಗೆ ಸಿಕ್ಕರೆ ಅದು ಬೋನಸ್.

ಬಾಸ್ ಬೇಡ: ಇದು ಬಹಳ ಮುಖ್ಯ. ಇನ್‌ಕ್ರಿಮೆಂಟ್ ಬರೆಯುವವರ ಮುಂದೆ ‘ನನಗೆ ಈ ಕೆಲಸ ಭಯ ಆಗುತ್ತೆ’, ‘ಮುಂದಿನ ವರ್ಷ ಮಗು ಬೇಕು ಅಂದುಕೊಂಡಿದ್ದೀವಿ’ ಅಂತ ಬಾಯಿಬಿಡೋಕಾಗುತ್ತಾ? ಬಾಸ್ ಕೆಲಸ ಕಲಿಸಲಿ. ಮನಸ್ಸು ಬಿಚ್ಚಿ ಮಾತಾಡೋಕೆ ಬೇರೆ ವಿಭಾಗದವರು, ಬೇರೆ ಆಸ್ಪತ್ರೆಯವರು ಇರಲಿ.

ಸಮಯ ಕೂಡುತ್ತಾ?: ಒಬ್ಬರಿಗೆ ರಾತ್ರಿ ಪಾಳಿ, ಇನ್ನೊಬ್ಬರಿಗೆ ಬೆಳಗಿನ ಪಾಳಿ ಆದರೆ ‘ನೋಡೋಣ, ಮಾತಾಡೋಣ’ ಅನ್ನೋದರಲ್ಲೇ ವರ್ಷ ಕಳೆಯುತ್ತೆ. ತಿಂಗಳಿಗೆ ಮುಕ್ಕಾಲು ಗಂಟೆ ಸಾಕು. ಆದರೆ ಆ ಮುಕ್ಕಾಲು ಗಂಟೆ ಯಾವ ವಾರ, ಎಷ್ಟು ಹೊತ್ತಿಗೆ ಅಂತ ಮೊದಲೇ ಗೊತ್ತಾಗಬೇಕು.

ಸ್ವಭಾವ ಹೇಗೆ?: ಮೆಲ್ಲಗೆ ಮಾತಾಡುವ ಹುಡುಗಿಗೆ ಬಾಯಿ ತೆರೆದರೆ ಮುಚ್ಚದ ಮೆಂಟರ್ ಸಿಕ್ಕರೆ ಅವಳು ತಲೆಯಾಡಿಸಿಕೊಂಡು ವಾಪಸ್ ಬರುತ್ತಾಳೆ ಅಷ್ಟೇ. ಮೊದಲ ಭೇಟಿಯಲ್ಲಿ ಯಾರು ಹೆಚ್ಚು ಮಾತಾಡಿದರು ಅಂತ ಗಮನಿಸಿ. ಒಳ್ಳೆಯ ಮೆಂಟರ್ ಉಪದೇಶಕ್ಕಿಂತ ಪ್ರಶ್ನೆ ಜಾಸ್ತಿ ಕೇಳುತ್ತಾರೆ.

‘ನಮ್ಮವರು’ ಅನ್ನೋ ಒಂದೇ ಕಾರಣಕ್ಕೆ ಬೇಡ: ನಮ್ಮೂರಿನವರು, ನಮ್ಮ ಜನ, ಚಿಕ್ಕಪ್ಪನ ಫ್ರೆಂಡು ಅಂತ ಜೋಡಿ ಮಾಡಿದರೆ ಮಾತು ಸಲೀಸು ನಿಜ. ಆದರೆ ಹುಡುಗಿಗೆ ಗೊತ್ತಿಲ್ಲದ ಲೋಕ ತೋರಿಸೋಕೆ ಬೇರೆ ಹಿನ್ನೆಲೆಯವರೇ ಎಷ್ಟೋ ಸಲ ಮೇಲು.

ಗಂಡಸರು ಆಗಬಹುದಾ ಅಂತ ಅಮ್ಮಂದಿರು ಕೇಳುತ್ತಾರೆ. ಖಂಡಿತ ಆಗಬಹುದು. ಎಷ್ಟೋ ವಿಭಾಗಗಳಲ್ಲಿ ಮೇಲಿನ ಜಾಗದಲ್ಲಿ ಇರೋದೇ ಅವರು. ಭೇಟಿ ಕಾಲೇಜು, ಆಫೀಸು, ಕ್ಯಾಂಟೀನ್ ಇಂಥ ನಾಲ್ಕು ಜನ ಇರುವ ಕಡೆ, ಹಗಲು ಹೊತ್ತಿನಲ್ಲಿರಲಿ. ಹೆರಿಗೆ ರಜೆ, ಮಗು ಬಿಟ್ಟು ಕೆಲಸಕ್ಕೆ ಹೋಗುವ ಸಂಕಟ ಇಂಥದ್ದನ್ನು ಮಾತಾಡೋಕೆ ಜೊತೆಗೆ ಒಬ್ಬ ಮಹಿಳೆಯೂ ಇರಲಿ. ಮೆಂಟರ್ ಒಬ್ಬರೇ ಇರಬೇಕು ಅಂತ ಯಾರೂ ಹೇಳಿಲ್ಲವಲ್ಲ!

ರೋಲ್ ನಂಬರ್ ಪ್ರಕಾರ ಹಂಚಿದರೆ?

ಕೆಲವು ಕಾಲೇಜು, ಕಂಪನಿಗಳು ತಾವೇ ಮೆಂಟರ್ ಕೊಡುತ್ತವೆ. ಒಳ್ಳೆಯದೇ. ಆದರೆ ಒಂದರಿಂದ ಹತ್ತು ನಂಬರ್ ಈ ಮೇಡಂಗೆ, ಹನ್ನೊಂದರಿಂದ ಇಪ್ಪತ್ತು ಆ ಸರ್‌ಗೆ ಅಂತ ಪ್ರಸಾದ ಹಂಚಿದ ಹಾಗೆ ಹಂಚಿದರೆ ಅದು ಹಾಜರಿ ಪುಸ್ತಕ ಆಗುತ್ತೆ, ಮಾರ್ಗದರ್ಶನ ಆಗೋದಿಲ್ಲ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಕಲಿಯುವವರು ತಮಗೇನು ಬೇಕು ಅಂತ ಬರೆಯಬೇಕು. ಕಲಿಸುವವರು ತಾವೇನು ಕೊಡಬಲ್ಲೆ, ಎಷ್ಟು ಹೊತ್ತು ಕೊಡಬಲ್ಲೆ ಅಂತ ಬರೆಯಬೇಕು. ಆಮೇಲೆ ಕಲಿಯುವವರು ಇಷ್ಟವಾದ ಮೂವರ ಹೆಸರು ಕೊಡಬೇಕು. ಇಬ್ಬರನ್ನೂ ಬಲ್ಲ ಒಬ್ಬರು ಕೂತು ಜೋಡಿ ಮಾಡಬೇಕು. ಮೂರು ತಿಂಗಳಾದ ಮೇಲೆ ಇಬ್ಬರನ್ನೂ ಬೇರೆ ಬೇರೆ ಕರೆದು ‘ಹೇಗಿದೆ?’ ಅಂತ ಕೇಳಬೇಕು. ಹೊಂದಿಕೆ ಆಗದಿದ್ದರೆ ಯಾರದ್ದೂ ತಪ್ಪಿಲ್ಲ ಅಂತ ಬದಲಿಸಿಬಿಡಬೇಕು. ನಿಮ್ಮ ಮಗಳ ಕಾಲೇಜಿನ ಪೋಷಕರ ಸಭೆಯಲ್ಲಿ ಈ ಮಾತು ಎತ್ತಿ. ಫೀಸ್ ಕಟ್ಟಿದವರು ಕೇಳಬಹುದು!

ಎಲ್ಲಿ ಹುಡುಕೋದು?

ಮೊದಲ ಬಾಗಿಲು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ. ಎರಡನೆಯದು ಇಂಡಿಯನ್ ಫಾರ್ಮಸ್ಯುಟಿಕಲ್ ಅಸೋಸಿಯೇಷನ್‌ನಂಥ ವೃತ್ತಿ ಸಂಘಟನೆಗಳು. ಪ್ರತಿ ವರ್ಷ ನವೆಂಬರ್‌ನ ಮೂರನೇ ವಾರ ರಾಷ್ಟ್ರೀಯ ಫಾರ್ಮಸಿ ಸಪ್ತಾಹ ನಡೆಯುತ್ತದೆ. ಸೆಪ್ಟೆಂಬರ್ 25 ವಿಶ್ವ ಫಾರ್ಮಸಿಸ್ಟರ ದಿನ. ಆ ಹೊತ್ತಿನಲ್ಲಿ ಕಾಲೇಜು, ಆಸ್ಪತ್ರೆಗಳಲ್ಲಿ ಕಾರ್ಯಕ್ರಮಗಳಿರುತ್ತವೆ. ಭಾಷಣ ಮುಗಿದ ಕೂಡಲೇ ಊಟದ ಕಡೆ ಓಡಬೇಡಿ. ಮಾತಾಡಿದವರ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಿ, ಪರಿಚಯ ಮಾಡಿಕೊಳ್ಳಿ. ಫಾರ್ಮಸಿಸ್ಟರ ರಿಫ್ರೆಷರ್ ಕೋರ್ಸ್‌ಗಳಲ್ಲೂ ಒಳ್ಳೆಯ ಪರಿಚಯ ಆಗುತ್ತೆ.

ಏನಂತ ಕೇಳೋದು ಅಂತ ಸಂಕೋಚವೇ? ಹೀಗೆ ಹೇಳಿ: ‘ಮೇಡಂ, ನಾನು ಕೆಲಸ ಕೇಳೋಕೆ ಬಂದಿಲ್ಲ. ನನಗೆ ಆಸ್ಪತ್ರೆ ಫಾರ್ಮಸಿಯಲ್ಲಿ ಮುಂದೆ ಬರೋ ಆಸೆ. ಆರು ತಿಂಗಳು, ತಿಂಗಳಿಗೊಂದು ಸಲ, ಮುಕ್ಕಾಲು ಗಂಟೆ ನನ್ನ ಜೊತೆ ಮಾತಾಡ್ತೀರಾ?’ ಎಷ್ಟು ದಿನ, ಎಷ್ಟು ಹೊತ್ತು, ಯಾತಕ್ಕೆ ಅಂತ ಸ್ಪಷ್ಟವಾಗಿದ್ದರೆ ಒಪ್ಪಿಕೊಳ್ಳೋದು ಅವರಿಗೂ ಸುಲಭ.

ಮತ್ತೆ ಕೆಲಸಕ್ಕೆ ಹೊರಟ ಗೃಹಿಣಿಗೆ

ಹತ್ತು ಹದಿನೈದು ವರ್ಷದ ನಂತರ ಬೀರುವಿನಿಂದ ಸರ್ಟಿಫಿಕೇಟ್ ಹೊರತೆಗೆಯುವವರು ಮೊದಲು ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಶುಲ್ಕ ಕಟ್ಟಿ ಸರಿಮಾಡಿಸಿಕೊಳ್ಳುವ ದಾರಿ ಕೇಳಿ. ಆಮೇಲೆ ಏನೇನು ಬದಲಾಗಿದೆ ಅಂತ ತಿಳಿಯಿರಿ. 2014ರ ಎಚ್1 ರಿಜಿಸ್ಟರ್ ಆಗಲೇ ಹೇಳಿದೆ. 2015ರಲ್ಲಿ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಬಂತು. ಔಷಧಿ ಕೊಟ್ಟರೆ ಮುಗಿಯಲಿಲ್ಲ, ರೋಗಿಗೆ ವಿವರಿಸಿ ಹೇಳೋದೂ ಫಾರ್ಮಸಿಸ್ಟರ ಕೆಲಸ ಅಂತ ಅದು ಹೇಳುತ್ತದೆ. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ.

ಇವನ್ನೆಲ್ಲ ನಿಮಗೆ ಚೆನ್ನಾಗಿ ಹೇಳಿಕೊಡಬಲ್ಲವರು ಯಾರು? ಬಹುಶಃ ಇಪ್ಪತ್ತನಾಲ್ಕರ ಹುಡುಗಿ! ‘ಅಯ್ಯೋ, ಅಷ್ಟು ಚಿಕ್ಕವಳ ಹತ್ತಿರ ಕಲಿಯೋದಾ?’ ಅಂತ ಮುಜುಗರ ಬೇಡ. ಕಂಪ್ಯೂಟರ್ ಬಿಲ್ಲಿಂಗ್ ಅವಳು ಹೇಳಿಕೊಡಲಿ. ಎಂಟು ತರಹದ ಮಾತ್ರೆ ನೋಡಿ ಗಾಬರಿಯಾದ ಎಪ್ಪತ್ತರ ಅಜ್ಜಿಗೆ ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಅಂತ ತಾಳ್ಮೆಯಿಂದ ಅರ್ಥ ಮಾಡಿಸೋದನ್ನು ನೀವು ಅವಳಿಗೆ ಹೇಳಿಕೊಡಿ. ಅತ್ತೆ ಮಾವನ ಮಾತ್ರೆ ಡಬ್ಬಿ ವರ್ಷಗಟ್ಟಲೆ ನೋಡಿಕೊಂಡವರಿಗೆ ಇದು ಬರದೇ ಇರುತ್ತಾ? ಇದೂ ಒಂದು ಜೋಡಿಯೇ.

ಈ ಮಾತಿಗೆ ಮರುಳಾಗಬೇಡಿ

‘ಅಕ್ಕಾ, ನೀವು ಮನೆಯಲ್ಲೇ ಇರಿ. ಸರ್ಟಿಫಿಕೇಟ್ ಮಾತ್ರ ನಮ್ಮ ಅಂಗಡಿಗೆ ಕೊಡಿ. ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ.’ ಫಾರ್ಮಸಿ ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳ ಕಿವಿಗೆ ಈ ಮಾತು ಬೀಳದೇ ಇರೋದಿಲ್ಲ. ಕೂತಲ್ಲೇ ದುಡ್ಡು ಅಂತ ಅನ್ನಿಸಬಹುದು. ಬೇಡ, ದಯವಿಟ್ಟು ಬೇಡ!

1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟೇ. ನಿಮ್ಮ ಸರ್ಟಿಫಿಕೇಟ್ ಗೋಡೆಯ ಮೇಲೆ ತೂಗುಹಾಕಿ, ಎಸ್ಸೆಸ್ಸೆಲ್ಸಿ ಓದಿದ ಹುಡುಗ ಆ ಮೆಥೊಟ್ರೆಕ್ಸೇಟ್ ಕೊಟ್ಟ ಅಂದುಕೊಳ್ಳಿ. ಡಾಕ್ಟರಿಗೆ ಫೋನ್ ಮಾಡಬೇಕು ಅಂತ ಅವನಿಗೆ ಹೊಳೆಯೋದೂ ಇಲ್ಲ. ಜೀವ ಹೋದರೆ ಆ ಗೋಡೆಯ ಮೇಲಿರುವ ಹೆಸರು ನಿಮ್ಮದು. ನೋಂದಣಿ ಪಟ್ಟಿಯಿಂದ ಹೆಸರು ಕಿತ್ತುಹಾಕುವ ಅಧಿಕಾರವೂ ಕೌನ್ಸಿಲ್‌ಗೆ ಇದೆ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲೇ ಕೂತು ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟ ಐದು ವರ್ಷದಲ್ಲಿ ನೀವು ಕಲಿಯೋದು ಏನೂ ಇಲ್ಲ.

ಯಾರಾದರೂ ‘ಮೆಂಟರ್’ ಇಂಥದ್ದಕ್ಕೆ ದಾರಿ ಮಾಡಿಕೊಟ್ಟರೆ, ಸಲಹೆಗೆ ದುಡ್ಡು ಕೇಳಿದರೆ, ತಮ್ಮ ಕೆಲಸವನ್ನೆಲ್ಲ ಪುಕ್ಕಟೆ ಮಾಡಿಸಿಕೊಂಡರೆ, ಹುಡುಗಿ ಬರೆದ ಪ್ರಬಂಧದಲ್ಲಿ ಅವಳ ಹೆಸರೇ ಬಿಟ್ಟರೆ ಅಲ್ಲಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಿಜವಾದ ಮೆಂಟರ್ ‘ಆ ಬಾಡಿಗೆ ದುಡ್ಡು ಬೇಡ, ದಿನಕ್ಕೆ ನಾಲ್ಕು ಗಂಟೆಯಾದರೂ ಸರಿ, ನೀನೇ ಹೋಗಿ ಕೌಂಟರ್‌ನಲ್ಲಿ ನಿಲ್ಲು’ ಅನ್ನುತ್ತಾರೆ.

ಅಮ್ಮಂದಿರೇ, ನೀವು ಹೀಗೆ ಮಾಡಿ

* ಮಗಳಿಗೆ ಮೆಂಟರ್ ಹುಡುಕುವ ಕೆಲಸ ಅವಳಿಗೇ ಬಿಡಿ. ನೀವು ಫೋನ್ ಮಾಡಿ ಶಿಫಾರಸು ಹೇಳಿಸಬೇಡಿ. ಕೇಳುವ ಧೈರ್ಯವೇ ಮೊದಲ ಪಾಠ.

* ಸೊಸೆ ಫಾರ್ಮಸಿ ಓದಿದ್ದರೆ ತಿಂಗಳಿಗೆ ಒಂದು ಸಂಜೆ ಅವಳ ಭೇಟಿಗೆ ಬಿಡಿ. ಮಗುವನ್ನು ಆ ಒಂದೆರಡು ಗಂಟೆ ನೀವು ನೋಡಿಕೊಳ್ಳಿ.

* ಪ್ರತಿ ಭೇಟಿಗೂ ಮೂರು ಪ್ರಶ್ನೆ ಬರೆದುಕೊಂಡು ಹೋಗಲಿ. ಬರುವಾಗ ಮಾಡಬೇಕಾದ ಒಂದು ಕೆಲಸ ಬರೆದುಕೊಂಡು ಬರಲಿ. ಮುಂದಿನ ಸಲ ಅದು ಏನಾಯಿತು ಅಂತ ಮೊದಲು ಹೇಳಲಿ. ಹೇಳಿದ್ದನ್ನು ಮಾಡುವವರಿಗೆ ಮತ್ತೆ ಹೇಳೋಕೆ ಯಾರಿಗಾದರೂ ಖುಷಿಯೇ.

* ಮೆಂಟರ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಕೇಳಿ, ಯೋಚಿಸಿ, ನಿರ್ಧಾರ ಅವಳದ್ದೇ ಆಗಿರಲಿ.

* ಆರು ತಿಂಗಳಾದ ಮೇಲೆ ಇಬ್ಬರೂ ಕೂತು ‘ಮುಂದುವರಿಸೋಣವಾ?’ ಅಂತ ಕೇಳಿಕೊಳ್ಳಲಿ. ಸಾಕು ಅನ್ನಿಸಿದರೆ ಥ್ಯಾಂಕ್ಸ್ ಹೇಳಿ ಸಂತೋಷವಾಗಿ ಬೀಳ್ಕೊಡಲಿ.

* ಎರಡು ವರ್ಷ ಅನುಭವ ಆದ ಕೂಡಲೇ ಅವಳೂ ಒಬ್ಬ ಕಿರಿಯಳಿಗೆ ದಾರಿ ತೋರಲಿ. ಆಸ್ಪತ್ರೆಗೆ ಹೊಸದಾಗಿ ಬಂದ ಹುಡುಗಿಗೆ ಡಾಕ್ಟರ ಹತ್ತಿರ ಫೋನಿನಲ್ಲಿ ಹೇಗೆ ಮಾತಾಡೋದು ಅಂತ ಹೇಳಿಕೊಟ್ಟರೂ ಸಾಕು. ನಾಯಕತ್ವ ಶುರುವಾಗೋದೇ ಅಲ್ಲಿಂದ.

ಈ ವಾರವೇ ಒಂದು ಹಾಳೆ ತೆಗೆದುಕೊಂಡು ನಿಮಗೆ ಗೊತ್ತಿರುವ ಫಾರ್ಮಸಿಯವರ ಹೆಸರು ಬರೆಯಿರಿ. ಕ್ಲಾಸ್‌ಮೇಟ್, ಸೀನಿಯರ್, ಕಲಿಸಿದ ಮೇಡಂ, ಅಕ್ಕನ ಆಸ್ಪತ್ರೆಯ ಫಾರ್ಮಸಿಸ್ಟ್... ಹತ್ತು ಹೆಸರಾದರೂ ಸಿಗುತ್ತೆ ನೋಡಿ. ಅದರಲ್ಲಿ ಮೂವರ ಎದುರು ಟಿಕ್ ಹಾಕಿ, ಸಾಲಾವಳಿ ನೋಡಿ. ಒಬ್ಬರಿಗೆ ಫೋನ್ ಮಾಡಿ. ಆಲ್ ದಿ ಬೆಸ್ಟ್!